ಬಿಸಿಯನ್ನು ಉಳಿಸಹೊರಟ ರುಡಾಲ್ಫ್ ಡೀಸೆಲ್

ಮಕ್ಕಳೇ, ಮಲ್ಪೆ, ಮಂಗಳೂರು ಅಥವಾ ಕಾರವಾರದ ಮೀನುಗಾರಿಕೆ ಬಂದರನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಯಂತ್ರ ಚಾಲೂ ಆದ ಕೆಲವು ದೋಣಿಗಳ ಮಗ್ಗುಲಿನಿಂದ ನೀರು ಪಿಚಕಾರಿಯಂತೆ ಹೊರಗೆ ಚಿಮ್ಮುತ್ತಿರುತ್ತದೆ. ದೋಣಿ ತೂತಾಗಿದೆಯೇ? ಇಲ್ಲ. ಆ ನೀರು ಚಿಮ್ಮುತ್ತಿದ್ದರೆ ದೋಣಿಯವರಿಗೆ ಸಮಾಧಾನ, ನಿಂತರೆ ಗಾಬರಿ. ಒಳಗಿರುವ ಡೀಸೆಲ್ ಎಂಜಿನ್ ಸಮುದ್ರದ ನೀರನ್ನು ಹೀರಿಕೊಂಡು, ತನ್ನ ಬಿಸಿಯನ್ನು ಅದಕ್ಕೆ ಕೊಟ್ಟು, ಹೊರಗೆ ಉಗುಳುತ್ತಿರುತ್ತದೆ. ಸಮುದ್ರ ನೋಡದವರು ಹೊಲದ ಡೀಸೆಲ್ ಪಂಪ್‌ಸೆಟ್ಟನ್ನು ನೆನಪು ಮಾಡಿಕೊಳ್ಳಿ. ಅದನ್ನು ತಣ್ಣಗಿಡಲೂ ನೀರು ಬೇಕು.

ಡೀಸೆಲ್ ಎಂದರೆ ಪೆಟ್ರೋಲ್ ಬಂಕಿನಲ್ಲಿ ಸಿಗುವ ಎಣ್ಣೆ ಎಂದೇ ನಾವೆಲ್ಲ ತಿಳಿದಿದ್ದೇವೆ. ಆದರೆ ಅದು ಮೊದಲಿಗೆ ಒಬ್ಬ ಮನುಷ್ಯನ ಹೆಸರು. ಸ್ವಾರಸ್ಯವೆಂದರೆ, ತನ್ನ ಯಂತ್ರಕ್ಕೆ ತಣಿಸುವ ನೀರೇ ಬೇಕಾಗದು ಎಂದು ಲೆಕ್ಕ ಹಾಕಿ ಹೊರಟವರು ಈ ರುಡಾಲ್ಫ್ ಡೀಸೆಲ್.

ರುಡಾಲ್ಫ್ ಹುಟ್ಟಿದ್ದು 1858ರ ಮಾರ್ಚ್ 18ರಂದು, ಫ್ರಾನ್ಸಿನ ಪ್ಯಾರಿಸ್ ನಗರದಲ್ಲಿ. ತಂದೆ ತಾಯಿ ಜರ್ಮನಿಯ ಬವೇರಿಯಾ ಸೀಮೆಯಿಂದ ವಲಸೆ ಬಂದವರು. ತಂದೆಗೆ ಪುಸ್ತಕದ ರಟ್ಟು ಕಟ್ಟುವ, ತೊಗಲಿನ ಸಾಮಾನು ಮಾಡುವ ಕಸುಬು. ಸಿದ್ಧವಾದ ಸಾಮಾನನ್ನು ತಳ್ಳುಗಾಡಿಯಲ್ಲಿಟ್ಟು ಗಿರಾಕಿಗಳ ಮನೆಗೆ ಮುಟ್ಟಿಸುವ ಕೆಲಸ ಹುಡುಗನ ಪಾಲಿಗೆ ಬರುತ್ತಿತ್ತು. ಓದಿನಲ್ಲಿ ಅವನು ಚುರುಕು. ಹನ್ನೆರಡನೆಯ ವಯಸ್ಸಿಗೆ ಕಂಚಿನ ಪದಕವನ್ನೂ ಗಳಿಸಿದ.

ಅದೇ ವರ್ಷ, ಅಂದರೆ 1870ರಲ್ಲಿ, ಫ್ರಾನ್ಸಿಗೂ ಜರ್ಮನ್ ರಾಜ್ಯಗಳಿಗೂ ಯುದ್ಧ ಆರಂಭವಾಯಿತು. ಜರ್ಮನ್ ಮೂಲದವರು ಪ್ಯಾರಿಸ್ ಬಿಡಬೇಕಾಯಿತು. ಡೀಸೆಲ್ ಕುಟುಂಬ ಲಂಡನ್ನಿಗೆ ಹೋಯಿತು. ಅಲ್ಲಿಂದ ರುಡಾಲ್ಫನನ್ನು ಒಬ್ಬನನ್ನೇ ಜರ್ಮನಿಯ ಆಗ್ಸ್‌ಬರ್ಗ್ ಊರಿನ ಬಂಧುಗಳ ಮನೆಗೆ ಕಳುಹಿಸಲಾಯಿತು. ಆ ಮನೆಯ ಯಜಮಾನ ಕ್ರಿಸ್ಟೋಫ್ ಬಾರ್ನಿಕೆಲ್ ಕೈಗಾರಿಕಾ ಶಾಲೆಯಲ್ಲಿ ಗಣಿತದ ಮೇಷ್ಟ್ರು. ರುಡಾಲ್ಫ್ ಅದೇ ಶಾಲೆಯಲ್ಲಿ ಓದಿ 1873ರಲ್ಲಿ ಮೊದಲ ಸ್ಥಾನದಲ್ಲಿ ತೇರ್ಗಡೆಯಾದ. ಎಂಜಿನಿಯರ್ ಆಗುವೆನೆಂದು ಹದಿನಾಲ್ಕನೆಯ ವಯಸ್ಸಿನಲ್ಲೇ ಮನೆಗೆ ಪತ್ರ ಬರೆದಿದ್ದ. ಬೇಗ ದುಡಿಮೆಗೆ ಸೇರಲಿ ಎಂಬುದು ತಂದೆ ತಾಯಿಯ ಆಸೆ. ಆದರೆ 1875ರಲ್ಲಿ ವಿದ್ಯಾರ್ಥಿವೇತನ ಸಿಕ್ಕಿ ಅವನು ಮ್ಯೂನಿಕ್‌ನ ತಾಂತ್ರಿಕ ಕಾಲೇಜು ಸೇರಿದ.

ಅಲ್ಲಿ ಕಾರ್ಲ್ ಫಾನ್ ಲಿಂಡೆ ಎಂಬ ಪ್ರಾಧ್ಯಾಪಕರಿದ್ದರು. ಶೈತ್ಯಯಂತ್ರಗಳನ್ನು, ಮಂಜುಗಡ್ಡೆ ಮಾಡುವ ಯಂತ್ರಗಳನ್ನು ರೂಪಿಸಿ ಹೆಸರಾದವರು. ಅವರ ಪಾಠದಲ್ಲಿ ರುಡಾಲ್ಫ್ ಒಂದು ಸಂಗತಿ ಕೇಳಿಸಿಕೊಂಡ. ಆ ಕಾಲದ ಹಬೆಯಂತ್ರಗಳಲ್ಲಿ ನೂರು ರೂಪಾಯಿಯ ಕಲ್ಲಿದ್ದಲು ಸುಟ್ಟರೆ ಹತ್ತು ರೂಪಾಯಿಯಷ್ಟು ಕೆಲಸವೂ ಸಿಗುತ್ತಿರಲಿಲ್ಲ. ಉಳಿದ ಶಾಖವೆಲ್ಲ ಹೊಗೆಯಲ್ಲಿ, ಹಬೆಯಲ್ಲಿ ಗಾಳಿಪಾಲು. ಫ್ರಾನ್ಸಿನ ಸಾದಿ ಕಾರ್ನೋ 1824ರಲ್ಲೇ ಇನ್ನೊಂದು ವಿಷಯ ತೋರಿಸಿದ್ದರು. ಶಾಖವು ಬಿಸಿಯಾದ ಕಡೆಯಿಂದ ತಣ್ಣನೆಯ ಕಡೆಗೆ ಹರಿಯುವಾಗ ಅದರಿಂದ ಕೆಲಸ ಪಡೆಯಬಹುದು. ಎರಡರ ನಡುವಿನ ಅಂತರ ಹೆಚ್ಚಿದಷ್ಟೂ ಹೆಚ್ಚು ಪಾಲು ಕೆಲಸವಾಗಿ ಸಿಗಬಲ್ಲದು. ಈ ಮಾತು ರುಡಾಲ್ಫನ ತಲೆಯಲ್ಲಿ ಉಳಿದುಬಿಟ್ಟಿತು.

1879ರಲ್ಲಿ ವಿಷಮಶೀತ ಜ್ವರ ಬಂದು ಅಂತಿಮ ಪರೀಕ್ಷೆ ತಪ್ಪಿತು. ಆ ಬಿಡುವಿನಲ್ಲಿ ಸ್ವಿಟ್ಜರ್ಲೆಂಡಿನ ಸುಲ್ಜರ್ ಕಾರ್ಖಾನೆಯಲ್ಲಿ ಕೈಕೆಲಸ ಕಲಿತು, 1880ರ ಜನವರಿಯಲ್ಲಿ ಉನ್ನತ ಶ್ರೇಣಿಯಲ್ಲಿ ಪದವಿ ಪಡೆದರು. ನಂತರ ಪ್ಯಾರಿಸ್ಸಿನಲ್ಲಿ ಲಿಂಡೆಯವರ ಮಂಜುಗಡ್ಡೆ ಕಾರ್ಖಾನೆಯ ಕೆಲಸ. ಹಗಲಿಡೀ ತಣ್ಣಗೆ ಮಾಡುವ ಯಂತ್ರಗಳ ನಡುವೆ ಇದ್ದು, ಮನಸ್ಸಿನಲ್ಲಿ ಮಾತ್ರ ಬಿಸಿ ಯಂತ್ರದ ಯೋಚನೆ! ಬಾಟಲಿಯೊಳಗೇ ಮಂಜುಗಡ್ಡೆ ತಯಾರಿಸುವ ವಿಧಾನಕ್ಕೆ 1881ರಲ್ಲಿ ಪೇಟೆಂಟ್ ಪಡೆದರು. 1883ರಲ್ಲಿ ಮಾರ್ತಾ ಫ್ಲಾಷೆ ಅವರನ್ನು ಮದುವೆಯಾದರು. ಮೂವರು ಮಕ್ಕಳಾದರು. ಹಬೆಯ ಬದಲು ಅಮೋನಿಯಾ ಆವಿಯಿಂದ ಯಂತ್ರ ಓಡಿಸಲು ಕೆಲವು ವರ್ಷ ಹೆಣಗಿದರು. ಅದು ಕೈಗೂಡಲಿಲ್ಲ.

1890ರಲ್ಲಿ ಬರ್ಲಿನ್ನಿಗೆ ಹೋದ ಮೇಲೆ ಹೊಸ ಯೋಚನೆ ಸ್ಪಷ್ಟವಾಯಿತು. ಸೈಕಲ್ ಪಂಪಿನಿಂದ ಗಾಳಿ ಹೊಡೆಯುವಾಗ ಪಂಪಿನ ತುದಿ ಮುಟ್ಟಿ ನೋಡಿದ್ದೀರಾ? ಬೆಚ್ಚಗಿರುತ್ತದೆ. ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. ಬಹಳ ಬಿಗಿಯಾಗಿ ಒತ್ತಿದರೆ 500 ಡಿಗ್ರಿ ಸೆಲ್ಸಿಯಸ್ಸನ್ನೂ ಮೀರಬಲ್ಲದು. ಅಷ್ಟು ಬಿಸಿಯಾದ ಗಾಳಿಗೆ ಎಣ್ಣೆಯ ತುಂತುರು ಬಿಟ್ಟರೆ ಬೆಂಕಿಕಡ್ಡಿಯಾಗಲಿ ವಿದ್ಯುತ್ ಕಿಡಿಯಾಗಲಿ ಬೇಡ, ಎಣ್ಣೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಉರಿದ ಅನಿಲ ಹಿಗ್ಗಿ ಪಿಸ್ಟನ್ನನ್ನು ತಳ್ಳುತ್ತದೆ. ಇದೇ ಡೀಸೆಲ್ ಎಂಜಿನ್ನಿನ ಮೂಲ ತತ್ತ್ವ. 1892ರ ಫೆಬ್ರವರಿಯಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು. ಮುಂದಿನ ವರ್ಷ ಅದು ದೊರೆಯಿತು.

ಈ ಲೆಕ್ಕದಲ್ಲಿ ಇನ್ನೊಂದು ಆಸೆಯೂ ಸೇರಿತ್ತು. ಎಣ್ಣೆಯನ್ನು ಸ್ವಲ್ಪ ಸ್ವಲ್ಪವೇ ಬಿಟ್ಟರೆ ಉರಿಯುವಾಗ ಉಷ್ಣತೆ ಮತ್ತೆ ಏರುವುದಿಲ್ಲ ಎಂದು ಅವರು ಭಾವಿಸಿದ್ದರು. ಹಾಗಾದರೆ ಸಿಲಿಂಡರಿನ ಗೋಡೆಗೆ ಅಪಾಯವಿಲ್ಲ, ಸುತ್ತ ನೀರು ಹರಿಸುವ ಅಗತ್ಯವೂ ಇಲ್ಲ. ನೀರಿಗೆ ಹೋಗುವ ಶಾಖ ಎಂದರೆ ಅವರ ದೃಷ್ಟಿಯಲ್ಲಿ ಸೋರಿಹೋಗುವ ಹಣ. ಆದ್ದರಿಂದ ಆಗ್ಸ್‌ಬರ್ಗ್‌ನ ಯಂತ್ರ ಕಾರ್ಖಾನೆಯಲ್ಲಿ 1893ರಲ್ಲಿ ಕಟ್ಟಿದ ಮೊದಲ ಯಂತ್ರಕ್ಕೆ ನೀರಿನ ಕವಚವನ್ನೇ ಇಡಲಿಲ್ಲ.

ಆ ವರ್ಷದ ಆಗಸ್ಟ್‌ನಲ್ಲಿ ಪರೀಕ್ಷೆ ನಡೆಯಿತು. ಇಂಧನ ಬಿಟ್ಟ ತಕ್ಷಣ ಸಿಲಿಂಡರಿನಲ್ಲಿ ಒತ್ತಡ ಏರಿ, ಒತ್ತಡ ಅಳೆಯುವ ಸಾಧನ ಸಿಡಿದು ಚೂರುಚೂರಾಗಿ ಹಾರಿತು. ಪಕ್ಕದಲ್ಲಿದ್ದವರು ಬದುಕಿದ್ದೇ ಪುಣ್ಯ. ಎಣ್ಣೆ ತಾನಾಗಿ ಹೊತ್ತಿಕೊಳ್ಳುತ್ತದೆ ಎಂಬುದಂತೂ ಸಾಬೀತಾಯಿತು! ಆದರೆ ಯಂತ್ರ ತನ್ನಷ್ಟಕ್ಕೆ ತಾನು ಓಡಲಿಲ್ಲ. ತಿದ್ದಿ ತೀಡಿ, 1894ರ ಫೆಬ್ರವರಿ 17ರಂದು ಮತ್ತೊಂದು ಪರೀಕ್ಷೆ. ಯಂತ್ರವನ್ನು ಕಾರ್ಖಾನೆಯ ಪಟ್ಟಿಯಿಂದ ತಿರುಗಿಸುತ್ತಿದ್ದರು. ಇದ್ದಕ್ಕಿದ್ದಂತೆ ಪಟ್ಟಿಯ ಎಳೆತ ಬದಲಾದದ್ದು ಲಿಂಡರ್ ಎಂಬ ಮೆಕ್ಯಾನಿಕ್‌ನ ಕಣ್ಣಿಗೆ ಬಿತ್ತು. ಪಟ್ಟಿ ಯಂತ್ರವನ್ನು ಎಳೆಯುತ್ತಿರಲಿಲ್ಲ, ಯಂತ್ರವೇ ಪಟ್ಟಿಯನ್ನು ಎಳೆಯುತ್ತಿತ್ತು. ಆತ ಮಾತಿಲ್ಲದೆ ತಲೆಯ ಟೊಪ್ಪಿಗೆ ತೆಗೆದ. ಯಂತ್ರ ಓಡಿದ್ದು ಸುಮಾರು ಒಂದು ನಿಮಿಷ ಮಾತ್ರ.

ಒಂದು ನಿಮಿಷ ಓಡುವುದು ಬೇರೆ, ದಿನವಿಡೀ ಓಡುವುದು ಬೇರೆ. ಎಣ್ಣೆ ಉರಿಯುವ ಕ್ಷಣದಲ್ಲಿ ಸಿಲಿಂಡರಿನ ಒಳಗೆ ಉಷ್ಣತೆ 2000 ಡಿಗ್ರಿಯ ಆಸುಪಾಸಿಗೆ ಹೋಗಬಲ್ಲದು. ಎರಕದ ಕಬ್ಬಿಣ ಸುಮಾರು 1200 ಡಿಗ್ರಿಗೇ ಕರಗುತ್ತದೆ. ಅಂದಮೇಲೆ ಎಂಜಿನ್ ಕರಗಿ ನೀರಾಗದೆ ಉಳಿಯುವುದು ಹೇಗೆ? ಉರಿ ಇರುವುದು ಕ್ಷಣಮಾತ್ರ. ಗೋಡೆಗೆ ತಗಲಿದ ಶಾಖವನ್ನು ಸುತ್ತಲಿನ ನೀರು ಆಗಿಂದಾಗ ಹೊತ್ತೊಯ್ಯುತ್ತದೆ. ನೀರಿಲ್ಲದಿದ್ದರೆ ಕಬ್ಬಿಣ ಕರಗುವ ಮೊದಲೇ ಪಿಸ್ಟನ್ ಸುತ್ತಲಿನ ಜಾರೆಣ್ಣೆ ಸುಟ್ಟುಹೋಗುತ್ತದೆ, ಪಿಸ್ಟನ್ ಹಿಗ್ಗಿ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಡೀಸೆಲ್ ಇದನ್ನು ಒಪ್ಪಿಕೊಳ್ಳಲೇಬೇಕಾಯಿತು. ಮುಂದಿನ ಯಂತ್ರಗಳ ಸಿಲಿಂಡರಿಗೆ ನೀರಿನ ಕವಚ ಬಂತು.

ನೀರಿನ ಈ ಗುಣವನ್ನು ತರಗತಿಯಲ್ಲೇ ನೋಡಬಹುದು. ಕಾಗದದಿಂದ ಒಂದು ದೊನ್ನೆ ಮಾಡಿ, ಅದರಲ್ಲಿ ನೀರು ತುಂಬಿ, ಮೇಣದಬತ್ತಿಯ ಉರಿಯ ಮೇಲೆ ಇಕ್ಕಳದಲ್ಲಿ ಹಿಡಿಯಿರಿ. ನೀರು ಬಿಸಿಯಾಗುತ್ತದೆ, ಕಾಗದ ಹೊತ್ತಿಕೊಳ್ಳುವುದಿಲ್ಲ. ಮೇಷ್ಟ್ರು ಅಥವಾ ಟೀಚರ್ ಜೊತೆಗಿದ್ದಾಗ ಮಾತ್ರ ಇದನ್ನು ಮಾಡಿ.

1897ರ ಫೆಬ್ರವರಿ 17ರಂದು ಪ್ರಾಧ್ಯಾಪಕ ಮೊರಿಟ್ಸ್ ಶ್ರೋಟರ್ ಯಂತ್ರದ ಅಧಿಕೃತ ಪರೀಕ್ಷೆ ನಡೆಸಿದರು. ಸುಮಾರು ಮೂರು ಮೀಟರ್ ಎತ್ತರದ ಒಂಟಿ ಸಿಲಿಂಡರಿನ ಯಂತ್ರ, ಶಕ್ತಿ ಸುಮಾರು 18 ಅಶ್ವಶಕ್ತಿ. ಎಷ್ಟು ಎಣ್ಣೆ ಖರ್ಚಾಯಿತು, ಎಷ್ಟು ಕೆಲಸವಾಯಿತು, ತಣಿಸುವ ನೀರಿಗೆ ಎಷ್ಟು ಶಾಖ ಹೋಯಿತು ಎಲ್ಲವನ್ನೂ ಲೆಕ್ಕ ಹಾಕಿದರು. ಎಣ್ಣೆಯ ಶಕ್ತಿಯಲ್ಲಿ ಶೇಕಡಾ 26ರಷ್ಟು ಉಪಯುಕ್ತ ಕೆಲಸವಾಗಿ ಬಂದಿತ್ತು. ಉಳಿದದ್ದರಲ್ಲಿ ದೊಡ್ಡ ಪಾಲು ನೀರಿಗೂ ಹೊಗೆಗೂ ಹೋಗಿತ್ತು. ಬರೀ 26 ಎಂದು ಮೂಗು ಮುರಿಯಬೇಡಿ. ಅಂದಿನ ಮಟ್ಟಿಗೆ ಇಷ್ಟು ದಕ್ಷತೆ ಬೇರಾವ ಶಾಖಯಂತ್ರಕ್ಕೂ ಇರಲಿಲ್ಲ. ಇಂದಿನ ಹಡಗುಗಳ ಭಾರಿ ಡೀಸೆಲ್ ಎಂಜಿನ್ನುಗಳು ಶೇಕಡಾ 50ರ ಹತ್ತಿರ ಬಂದಿವೆ. ಆದರೂ ಅರ್ಧ ಶಾಖ ಇಂದಿಗೂ ಹೊರಗೇ ಹೋಗುತ್ತದೆ.

1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಒಂದು ಚಿಕ್ಕ ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಿಂದ ಓಡಿತು! ನೋಡಿದವರಲ್ಲಿ ಬಹಳ ಮಂದಿಗೆ ಅದು ಗೊತ್ತೇ ಆಗಲಿಲ್ಲ. ಇಂದು ಹೊಂಗೆ ಎಣ್ಣೆಯಿಂದ ಜೈವಿಕ ಡೀಸೆಲ್ ಮಾಡುವವರೂ ಅದೇ ದಾರಿಯಲ್ಲಿದ್ದಾರೆ.

1903ರಲ್ಲಿ ಫ್ರಾನ್ಸಿನ ಕಾಲುವೆಗಳಲ್ಲಿ ಸಾಗುವ ಪೆಟಿ ಪಿಯೆರ್ ಎಂಬ ದೋಣಿಗೆ ಡೀಸೆಲ್ ಎಂಜಿನ್ ಕೂಡಿಸಿದರು. ದೋಣಿಗೆ ಬಂದಾಗ ತಣಿಸುವ ಕೆಲಸ ಸುಲಭವೂ ಆಯಿತು, ಕಷ್ಟವೂ ಆಯಿತು. ಸುತ್ತ ಬೇಕಾದಷ್ಟು ನೀರಿದೆ, ಅದು ಸುಲಭ. ಆದರೆ ಸಮುದ್ರದ ನೀರಿನಲ್ಲಿ ಉಪ್ಪಿದೆ. ಅದು ಕಬ್ಬಿಣವನ್ನು ತಿನ್ನುತ್ತದೆ, ಬಿಸಿಯಾದಾಗ ಗೋಡೆಗೆ ಗಟ್ಟಿ ಪದರವಾಗಿ ಅಂಟುತ್ತದೆ. ಆದ್ದರಿಂದ ಈಗ ಅನೇಕ ದೋಣಿಗಳಲ್ಲಿ ಎರಡು ನೀರಿನ ದಾರಿಗಳಿರುತ್ತವೆ. ಎಂಜಿನ್ನಿನ ಒಳಗೆ ಸಿಹಿನೀರು ಸುತ್ತುತ್ತಲೇ ಇರುತ್ತದೆ. ಸಣ್ಣ ಕೊಳವೆಗಳ ಒಂದು ಕಟ್ಟಿನಲ್ಲಿ ಆ ಸಿಹಿನೀರು ತನ್ನ ಬಿಸಿಯನ್ನು ಸಮುದ್ರದ ನೀರಿಗೆ ದಾಟಿಸುತ್ತದೆ. ಎರಡು ನೀರೂ ಬೆರೆಯುವುದಿಲ್ಲ. ಇದಕ್ಕೆ ಶಾಖ ವಿನಿಮಯಕ ಎಂದು ಹೆಸರು.

ದಡದಿಂದ ದೂರದಲ್ಲಿ ಎಂಜಿನ್ ಕಾದರೆ ಗ್ಯಾರೇಜು ಸಿಗುವುದಿಲ್ಲ. ದೋಣಿಯವರೇ ರೋಗ ಹುಡುಕಬೇಕು. ಅವರು ಮೊದಲು ಎಂಜಿನ್ ನಿಲ್ಲಿಸುತ್ತಾರೆ. ಆಮೇಲೆ ಕೇಳಿಕೊಳ್ಳುವ ಪ್ರಶ್ನೆ ಒಂದೇ: ಹೊರಗೆ ನೀರು ಚಿಮ್ಮುತ್ತಿತ್ತೇ, ಇಲ್ಲವೇ?

ಚಿಮ್ಮುತ್ತಿರಲಿಲ್ಲ ಎಂದರೆ ತೊಂದರೆ ಸಮುದ್ರದ ನೀರಿನ ದಾರಿಯಲ್ಲಿ. ನೀರು ಬರುವ ವಾಲ್ವ್ ತೆರೆದಿದೆಯೇ ನೋಡಬೇಕು. ನಂತರ ಸೋಸುವ ಜಾಲರಿ. ಪಾಚಿ, ಮೀನಿನ ಮರಿ, ಈಗಂತೂ ನಾವು ಎಸೆದ ಪ್ಲಾಸ್ಟಿಕ್ ಚೀಲ ಅಲ್ಲಿ ಸಿಕ್ಕಿಕೊಂಡಿರುತ್ತವೆ. ಜಾಲರಿ ಶುಚಿಯಾಗಿದ್ದರೆ ಪಂಪು. ಅನೇಕ ಪಂಪುಗಳೊಳಗೆ ರಬ್ಬರ್ ರೆಕ್ಕೆಗಳ ಒಂದು ಚಕ್ರವಿರುತ್ತದೆ. ನೀರಿಲ್ಲದೆ ಸ್ವಲ್ಪ ಹೊತ್ತು ತಿರುಗಿದರೂ ರೆಕ್ಕೆಗಳು ಕಾದು ಹರಿಯುತ್ತವೆ. ಹೊಸ ಚಕ್ರ ಹಾಕಿದರೆ ಕೆಲಸ ಮುಗಿಯಿತೇ? ಜಾಣ ಮೆಕ್ಯಾನಿಕ್ ಹರಿದ ತುಂಡುಗಳನ್ನು ಎಣಿಸುತ್ತಾನೆ. ಒಂದು ತುಂಡು ಕಡಿಮೆ ಬಿದ್ದರೂ ಅದು ಮುಂದಿನ ಕೊಳವೆಯಲ್ಲಿ ಬಿರಡೆಯಂತೆ ಕೂತಿದೆ ಎಂದೇ ಲೆಕ್ಕ. ಪಂಪು ತಿರುಗಿಸುವ ಬೆಲ್ಟ್ ಸಡಿಲವಾಗಿದ್ದರೂ ನೀರು ಏರುವುದಿಲ್ಲ.

ನೀರು ಚೆನ್ನಾಗಿ ಚಿಮ್ಮುತ್ತಿದ್ದೂ ಎಂಜಿನ್ ಕಾದರೆ ಒಳಗಿನ ದಾರಿ ನೋಡಬೇಕು. ಸಿಹಿನೀರು ಇಳಿದಿರಬಹುದು. ವಿನಿಮಯಕದ ಕೊಳವೆಗಳಲ್ಲಿ ಪದರ ಕಟ್ಟಿರಬಹುದು. ಥರ್ಮೋಸ್ಟಾಟ್ ಎಂಬ ಬಾಗಿಲು ತೆರೆಯದೆ ಕಚ್ಚಿಕೊಂಡಿರಬಹುದು. ಇದರೊಳಗೆ ಮೇಣವಿದೆ. ಬಿಸಿಯಾದಾಗ ಮೇಣ ಕರಗಿ ಹಿಗ್ಗಿ ಬಾಗಿಲನ್ನು ತಳ್ಳುತ್ತದೆ. ಅದನ್ನು ಬಿಚ್ಚಿ, ದಾರ ಕಟ್ಟಿ, ಬಿಸಿನೀರಿನ ಪಾತ್ರೆಯಲ್ಲಿ ಉಷ್ಣತಾಮಾಪಕದ ಜೊತೆ ಇಳಿಬಿಟ್ಟರೆ ತೆರೆಯುತ್ತದೋ ಇಲ್ಲವೋ ಕಣ್ಣಾರೆ ಕಾಣುತ್ತದೆ. ಸೋರಿಕೆ ಎಲ್ಲೂ ಕಾಣದೆ ನೀರು ಕಡಿಮೆಯಾಗುತ್ತಾ, ಎಂಜಿನ್ ಎಣ್ಣೆ ಹಾಲು ಬೆರೆಸಿದಂತೆ ಬೆಳ್ಳಗಾದರೆ ಮಾತ್ರ ದೊಡ್ಡ ರಿಪೇರಿ. ಹೆಡ್ ಗ್ಯಾಸ್ಕೆಟ್ ಹೋಗಿ ನೀರು ಎಣ್ಣೆಗೆ ಸೇರುತ್ತಿರಬಹುದು. ಒಂದು ಎಚ್ಚರಿಕೆ: ಕಾದ ಎಂಜಿನ್ನಿನ ನೀರಿನ ಮುಚ್ಚಳವನ್ನು ಎಂದೂ ತೆಗೆಯಬಾರದು. ಒತ್ತಡದಲ್ಲಿರುವ ಕುದಿನೀರು ಮುಖಕ್ಕೆ ಎರಚುತ್ತದೆ.

ಡೀಸೆಲ್ ಬದುಕಿದ್ದಾಗಲೇ ಅವರ ಯಂತ್ರ ಸಾಗರ ದಾಟಿತು. 1912ರಲ್ಲಿ ಡೆನ್ಮಾರ್ಕಿನ ಸೆಲಾಂಡಿಯಾ ಹಡಗು ಕೋಪನ್‌ಹೇಗನ್‌ನಿಂದ ಬ್ಯಾಂಕಾಕಿಗೆ ಡೀಸೆಲ್ ಎಂಜಿನ್ ಬಲದಿಂದಲೇ ಪ್ರಯಾಣ ಮಾಡಿತು. ಕಲ್ಲಿದ್ದಲಿಲ್ಲ, ಬಾಯ್ಲರ್ ಇಲ್ಲ, ದೊಡ್ಡ ಹೊಗೆ ಕೊಳವೆಯೂ ಇಲ್ಲ.

ಯಂತ್ರ ಗೆದ್ದರೂ ಡೀಸೆಲ್ ಅವರ ಬದುಕು ಸುಖವಾಗಿರಲಿಲ್ಲ. ಪೇಟೆಂಟ್ ಬಗ್ಗೆ ತಕರಾರುಗಳು, ಕೆಟ್ಟ ಆರೋಗ್ಯ, ವ್ಯವಹಾರಗಳಲ್ಲಿ ಕಳೆದುಕೊಂಡ ಹಣ. ಸಂಪಾದಿಸಿದ್ದು ಬಹುಮಟ್ಟಿಗೆ ಕರಗಿಹೋಗಿತ್ತು. 1913ರ ಸೆಪ್ಟೆಂಬರ್ 29ರ ಸಂಜೆ ಅವರು ಬೆಲ್ಜಿಯಂನ ಆಂಟ್ವರ್ಪ್‌ನಲ್ಲಿ ಡ್ರೆಸ್ಡೆನ್ ಎಂಬ ಹಡಗು ಹತ್ತಿದರು. ಅದು ಇಂಗ್ಲೆಂಡಿಗೆ ಹೋಗುವ ಹಬೆಯ ಹಡಗು. ಸಂಗಡಿಗರೊಡನೆ ಊಟ ಮಾಡಿ, ಬೆಳಗ್ಗೆ ಆರೂಕಾಲಿಗೆ ಎಬ್ಬಿಸಲು ಹೇಳಿ, ರಾತ್ರಿ ಹತ್ತರ ಸುಮಾರಿಗೆ ಕೋಣೆಗೆ ಹೋದರು. ಬೆಳಗ್ಗೆ ಕೋಣೆ ಖಾಲಿ. ಹಾಸಿಗೆಯಲ್ಲಿ ಮಲಗಿದ ಗುರುತಿರಲಿಲ್ಲ. ಅವರ ಟೊಪ್ಪಿಗೆ ಮತ್ತು ಮೇಲಂಗಿ ಹಡಗಿನ ಹಿಂಬದಿಯ ಕಟಕಟೆಯ ಬಳಿ ಸಿಕ್ಕವು.

ಸುಮಾರು ಹತ್ತು ದಿನಗಳ ನಂತರ ಡಚ್ ದೋಣಿಯೊಂದರ ನಾವಿಕರಿಗೆ ಸಮುದ್ರದಲ್ಲಿ ಒಂದು ದೇಹ ಕಂಡಿತು. ಜೇಬಿನಲ್ಲಿದ್ದ ಚಾಕು, ಕನ್ನಡಕದ ಡಬ್ಬಿ ಮುಂತಾದ ಸಾಮಾನುಗಳನ್ನು ತೆಗೆದುಕೊಂಡು ದೇಹವನ್ನು ಸಮುದ್ರಕ್ಕೇ ಒಪ್ಪಿಸಿದರು. ಅವು ತಂದೆಯವೇ ಎಂದು ಮಗ ಆಯ್ಗೆನ್ ಗುರುತಿಸಿದರು. ಡೀಸೆಲ್ ಆ ರಾತ್ರಿ ಹೇಗೆ ನೀರುಪಾಲಾದರು ಎಂಬುದು ಇಂದಿಗೂ ಖಚಿತವಾಗಿಲ್ಲ. ಅವರಿಗೆ ಆಗ ಐವತ್ತೈದು ವರ್ಷ. 1897ರಲ್ಲಿ ಪರೀಕ್ಷೆಗೆ ನಿಂತ ಅವರ ಯಂತ್ರ ಮ್ಯೂನಿಕ್‌ನ ಡಾಯ್ಚೆಸ್ ವಸ್ತುಸಂಗ್ರಹಾಲಯದಲ್ಲಿದೆ.