ನ್ಯೂಯಾರ್ಕಿನ ಮೊದಲ ವರ್ಷ

 

ಡಿಗ್ರಿ, ಪಿ.ಜಿ. ಅಂತ ರಾಯಚೂರು, ಕಲಬುರಗಿ, ಧಾರವಾಡಕ್ಕೆ ಹೋದ ನಮ್ಮ ಸಂತೆಕಲ್ಲೂರಿನ ಮಕ್ಕಳು ಮೊದಲ ವರ್ಷ ಫೋನ್ ಮಾಡಿದಾಗ ಹೇಳುವುದು ಹೆಚ್ಚುಕಡಿಮೆ ಒಂದೇ. ಹಾಸ್ಟೆಲಿನ ಊಟ ಗಂಟಲಲ್ಲಿ ಇಳಿಯುವುದಿಲ್ಲ, ಪಾಠ ತಲೆಗೆ ಹತ್ತುವುದಿಲ್ಲ, ಊರು ನೆನಪಾಗುತ್ತದೆ. ಕೆಲವರ ಮನೆಯವರದು ಬೇರೆ ದೂರು: ಹುಡುಗ ಓದು ಬಿಟ್ಟು ಸಿನಿಮಾ, ಕ್ರಿಕೆಟ್ ಅಂತ ತಿರುಗುತ್ತಿದ್ದಾನೆ. ಇಬ್ಬರಿಗೂ ನಾನು ಹೇಳುವುದು ಬಾಬಾಸಾಹೇಬರ 1913ನೇ ಇಸವಿಯ ಕಥೆ. ಜಯಂತಿಯ ಭಾಷಣಗಳಲ್ಲಿ ಅವರು ದಿನಕ್ಕೆ ಹದಿನೆಂಟು ತಾಸು ಓದಿದ್ದು ತಪ್ಪದೆ ಬರುತ್ತದೆ. ಅದಕ್ಕೂ ಮುಂಚಿನ ಕೆಲವು ತಿಂಗಳ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ.

ಆ ವರ್ಷ ಅವರ ಪಾಲಿಗೆ ಕಷ್ಟದಿಂದಲೇ ಶುರುವಾಗಿತ್ತು. ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನ ಬಿ.ಎ. ಮುಗಿಸಿ ಬರೋಡಾ ಸಂಸ್ಥಾನದ ನೌಕರಿಗೆ ಸೇರಿ ಕೆಲವೇ ದಿನಗಳಾಗಿದ್ದವು. ತಂದೆಗೆ ಹುಷಾರಿಲ್ಲವೆಂದು ಸುದ್ದಿ ಬಂತು. ಫೆಬ್ರವರಿ 2ರಂದು ತಂದೆ ರಾಮ್‌ಜಿ ತೀರಿಕೊಂಡರು. ಸಾಲಸೋಲ ಮಾಡಿ ಮಗನಿಗೆ ಪುಸ್ತಕ ತಂದುಕೊಡುತ್ತಿದ್ದ ತಂದೆ ಅವರು. ಮನೆಯಲ್ಲಿ ಹೆಂಡತಿ ರಮಾಬಾಯಿ, ತೊಟ್ಟಿಲಲ್ಲಿ ಮಗ ಯಶವಂತ. ಆಗ ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡರು ಅಮೆರಿಕದಲ್ಲಿ ಓದಲು ಮೂರು ವರ್ಷದ ವಿದ್ಯಾರ್ಥಿವೇತನ ಕೊಟ್ಟರು, ತಿಂಗಳಿಗೆ ಹನ್ನೊಂದೂವರೆ ಪೌಂಡ್. ಓದು ಮುಗಿದ ಮೇಲೆ ಹತ್ತು ವರ್ಷ ಸಂಸ್ಥಾನದ ಸೇವೆ ಮಾಡಬೇಕೆಂಬ ಕರಾರಿಗೆ ಜೂನ್ 4ರಂದು ಸಹಿ ಹಾಕಿದರು. ಜುಲೈ ಮೂರನೇ ವಾರ ನ್ಯೂಯಾರ್ಕಿನಲ್ಲಿ ಇಳಿದಾಗ ವಯಸ್ಸು 22.

ಕೊಲಂಬಿಯಾ ವಿಶ್ವವಿದ್ಯಾಲಯದ ಹಾರ್ಟ್ಲಿ ಹಾಲ್ ಎಂಬ ಹಾಸ್ಟೆಲಿನಲ್ಲಿ ಮೊದಲು ಉಳಿದರು. ಅಲ್ಲಿನ ಊಟ ಒಗ್ಗಲಿಲ್ಲ. ಒಂದು ವಾರಕ್ಕೇ ಗಂಟುಮೂಟೆ ಕಟ್ಟಿ, ಭಾರತದ ಕೆಲವು ಹುಡುಗರಿದ್ದ ಕಾಸ್ಮೊಪಾಲಿಟನ್ ಕ್ಲಬ್ಬಿಗೆ ಹೋದರು. ಕೊನೆಗೆ ಲಿವಿಂಗ್‌ಸ್ಟನ್ ಹಾಲ್ ಎಂಬ ಇನ್ನೊಂದು ಹಾಸ್ಟೆಲಿನಲ್ಲಿ ನವಲ್ ಭಥೇನಾ ಎಂಬ ಪಾರ್ಸಿ ಗೆಳೆಯನ ಜೊತೆ ನೆಲೆಯಾದರು. ರೂಮು ಬದಲಿಸುವ ಹುಡುಗರನ್ನು ಬೈಯುವ ಮುಂಚೆ ಈ ಮೂರು ವಿಳಾಸ ನೆನಪಿಸಿಕೊಳ್ಳಬೇಕು.

ಇನ್ನು ಆ ಊರಿನಲ್ಲಿ ಅವರಿಗೆ ಸಿಕ್ಕಿದ್ದೇನು ನೋಡಿ. ಸಾತಾರಾದ ಶಾಲೆಯಲ್ಲಿ ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಬೇರೆಯಾಗಿ ಕೂತ ಹುಡುಗ ಅವರು. ಜವಾನ ಬಂದು ಮೇಲಿಂದ ನೀರು ಹೊಯ್ದರೆ ಮಾತ್ರ ಕುಡಿಯಬೇಕು, ಅವನಿಲ್ಲದ ದಿನ ಬಾಯಾರಿಕೆಯೇ ಗತಿ. ಕಾಲೇಜಿನಲ್ಲೂ ಹೋಟೆಲಿನವನು ಚಹಾ, ನೀರು ಕೊಡುತ್ತಿರಲಿಲ್ಲ. ನ್ಯೂಯಾರ್ಕಿನಲ್ಲಾದರೆ ಎಲ್ಲರ ಜೊತೆ ಒಂದೇ ಮೇಜು, ತೊಡೆಯ ಮೇಲೆ ಒಗೆದ ಬಟ್ಟೆ, ಪಕ್ಕದಲ್ಲಿ ಕೂತವನು ಸರಿದು ಕೂರುವುದಿಲ್ಲ. ಬ್ಯಾಡ್ಮಿಂಟನ್ ಆಡಿದರು, ಸ್ಕೇಟಿಂಗ್ ಮಾಡಿದರು, ನಾಟಕ ನೋಡಿದರು. ಮೊದಲ ಕೆಲವು ತಿಂಗಳು ಓದು ಹಿಂದೆ ಬಿದ್ದಿತ್ತೆಂದು ಜೀವನಚರಿತ್ರೆಗಳಲ್ಲಿದೆ.

ಇದನ್ನು ಕೆಲವರು ಮುಚ್ಚಿಡಲು ನೋಡುತ್ತಾರೆ. ಯಾಕೆ ಮುಚ್ಚಿಡಬೇಕು? ಇಪ್ಪತ್ತೆರಡು ವರ್ಷ ಮುಟ್ಟಬಾರದವನೆಂದು ಅನ್ನಿಸಿಕೊಂಡ ಮೈಗೆ ಆ ಮೇಜು, ಆ ಆಟದ ಅಂಗಳ ಏನಾಗಿದ್ದಿರಬಹುದು! ಸಮಾನತೆ ಎಂಬ ಶಬ್ದವನ್ನು ಅವರು ಆಮೇಲೆ ಎಷ್ಟೋ ಪುಸ್ತಕಗಳಲ್ಲಿ ಓದಿದರು. ಮೈ ಮಾತ್ರ ಅದನ್ನು ಆ ತಿಂಗಳುಗಳಲ್ಲೇ ಕಲಿತುಬಿಟ್ಟಿತ್ತು ಅನ್ನಿಸುತ್ತದೆ ನನಗೆ.

ಆಮೇಲೆ ಒಂದು ರಾತ್ರಿ ಯೋಚನೆ ಹತ್ತಿತು. ಊರಲ್ಲಿ ಮನೆಯವರು ಕಷ್ಟದಲ್ಲಿದ್ದಾರೆ, ಮೂರು ವರ್ಷ ಎಣಿಸಿಟ್ಟ ದಿನಗಳು, ನಾನಿಲ್ಲಿ ಮಾಡುತ್ತಿರುವುದೇನು ಎಂಬ ಯೋಚನೆ. ಗದರಿಸಲು ತಂದೆ ಇರಲಿಲ್ಲ. ಹೊರಗಿನಿಂದ ಯಾರೂ ಹೇಳಲಿಲ್ಲ. ತಮ್ಮ ಮನಸ್ಸನ್ನು ತಾವೇ ನೋಡಿಕೊಂಡರು. ನಮ್ಮ ಅಧ್ಯಯನ ಬಳಗದಲ್ಲಿ ಸಮ್ಮಾಸತಿ ಎಂದು ಓದುತ್ತೇವಲ್ಲ, ಆ ಹೆಸರು ತಿಳಿಯುವ ಎಷ್ಟೋ ಮುಂಚಿನ ಮಾತಿದು.

ಅಲ್ಲಿಂದ ಮುಂದೆ ನಾವೆಲ್ಲ ಬಲ್ಲ ಅಂಬೇಡ್ಕರ್. ನಾಟಕ, ಸುತ್ತಾಟ ನಿಂತವು. ಒಂದು ಕಪ್ ಕಾಫಿ, ಎರಡು ಮಫಿನ್, ಒಂದಿಷ್ಟು ಮಾಂಸ ಅಥವಾ ಮೀನು, ಒಂದು ಡಾಲರ್ ಹತ್ತು ಸೆಂಟಿನಲ್ಲಿ ಊಟ ಮುಗಿಯಬೇಕು. ವಿದ್ಯಾರ್ಥಿವೇತನದಲ್ಲೇ ಉಳಿಸಿ ಮನೆಗೆ ರೊಕ್ಕ ಕಳಿಸುತ್ತಿದ್ದರು. ಮೂರು ವರ್ಷದಲ್ಲಿ ಹೆಸರು ಹಚ್ಚಿದ ಪಾಠಗಳು ಅರ್ಥಶಾಸ್ತ್ರದಲ್ಲಿ 29, ಇತಿಹಾಸದಲ್ಲಿ 11, ಸಮಾಜಶಾಸ್ತ್ರದಲ್ಲಿ 6, ತತ್ವಶಾಸ್ತ್ರದಲ್ಲಿ 5, ಮಾನವಶಾಸ್ತ್ರದಲ್ಲಿ 4, ರಾಜಕೀಯದಲ್ಲಿ 3. ಅರ್ಥಶಾಸ್ತ್ರಕ್ಕೆ ಸೆಲಿಗ್ಮನ್, ತತ್ವಶಾಸ್ತ್ರಕ್ಕೆ ಜಾನ್ ಡ್ಯೂಯಿ ಅಂಥ ಗುರುಗಳು. 1915ರಲ್ಲಿ ಪ್ರಾಚೀನ ಭಾರತದ ವ್ಯಾಪಾರದ ಮೇಲೆ ಪ್ರಬಂಧ ಬರೆದು ಎಂ.ಎ. ಪಡೆದರು. (ನಮ್ಮ ಮಸ್ಕಿಯ ಗುಡ್ಡದಲ್ಲಿ ಅಶೋಕನ ಹೆಸರು ಹೊತ್ತ ಶಾಸನ ಬೆಳಕಿಗೆ ಬಂದದ್ದೂ ಅದೇ 1915ರಲ್ಲಿ. ಸುಮ್ಮನೆ ನೆನಪಾಯಿತು.) 1916ರ ಮೇ 9ರಂದು ಭಾರತದ ಜಾತಿಗಳ ಹುಟ್ಟಿನ ಬಗ್ಗೆ ಅಲ್ಲಿನ ವಿಚಾರಗೋಷ್ಠಿಯಲ್ಲಿ ಪ್ರಬಂಧ ಓದಿದಾಗ ಅವರಿಗೆ 25 ವರ್ಷ.

ಮುಂದೆ ಲಂಡನ್. 1917ರಲ್ಲಿ ಕರಾರಿನ ಪ್ರಕಾರ ಬರೋಡಾಕ್ಕೆ ಬಂದರೆ ಉಳಿಯಲು ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ವಸತಿಗೃಹವೊಂದರಲ್ಲಿ ಸೇರಿಕೊಂಡಾಗ ದೊಣ್ಣೆ ಹಿಡಿದು ಬಂದು ಹೊರಹಾಕಿದರು. ನ್ಯೂಯಾರ್ಕಿನ ಮೇಜಿಗೆ ಕೂತು ಎದ್ದವರಿಗೆ ಮತ್ತೆ ಗೋಣಿತಟ್ಟಿನ ಮೇಲೆ ಕೂರುವುದು ಸಾಧ್ಯವಿರಲಿಲ್ಲ. ಮಹಾಡದ ಕೆರೆ, ಸಂವಿಧಾನ, 1956ರ ಅಕ್ಟೋಬರ್ 14ರ ನಾಗಪುರದ ದೀಕ್ಷೆ, ಇವೆಲ್ಲ ನಿಮಗೆ ಗೊತ್ತಿರುವುದೇ.

ಆ ಹಾಸ್ಟೆಲಿನ ಗೆಳೆಯ ಭಥೇನಾ ಮಾತ್ರ ಕೊನೆತನಕ ಉಳಿದರು. ಅರ್ಧಕ್ಕೆ ನಿಂತಿದ್ದ ಲಂಡನ್ನಿನ ಓದು ಮುಗಿಸಲು 1920ರಲ್ಲಿ ಮತ್ತೆ ಹೊರಟಾಗ ಕೂಡಿಸಿಟ್ಟ ರೊಕ್ಕ ಸಾಲಲಿಲ್ಲ. 5,000 ರೂಪಾಯಿ ಸಾಲ ಕೊಟ್ಟವರು ಅವರೇ.