ಕಿಟ್ಟೆಲ್ ಅವರ ಕೋಶ, ನಮ್ಮ ಕಡತ

2004ರ ಮಳೆಗಾಲದಲ್ಲಿ ನನ್ನ ಮನೆಯ ಕಂಪ್ಯೂಟರಿನಿಂದ ಒಂದು ಫೈಲು ಕಳೆದುಹೋಯಿತು. ನನ್ನ ತಂದೆಯವರು ತಮ್ಮ ಕೊನೆಯ ಮೂರು ವರ್ಷಗಳಲ್ಲಿ ಚಾವಡಿಯಲ್ಲಿ ಕುಳಿತು ಒಂದೊಂದಾಗಿ ನೆನಪಿಸಿಕೊಂಡು ಹೇಳಿದ ಬೇಸಾಯದ ಪದಗಳು ಅದರಲ್ಲಿದ್ದವು. ಬೈಲು, ಮಜಲು, ಬೆಟ್ಟು ಎಂಬ ಗದ್ದೆಯ ಭೇದಗಳನ್ನೂ ಏಣೆಲು, ಸುಗ್ಗಿ, ಕೊಳಕೆ ಎಂಬ ಬೆಳೆಗಳನ್ನೂ ಮಂಗಳೂರಿನ ಸುತ್ತಮುತ್ತಲಿನವರು ಇಂದಿಗೂ ಬಲ್ಲರು. ಆದರೆ ನೇಗಿಲಿನ ಅಂಗಗಳು, ತೋಡಿನ ಕಟ್ಟಗಳು, ಪೈರಿಗೆ ತಗಲುವ ರೋಗಗಳು, ಮುಡಿ ಕಟ್ಟುವ ಕೆಲಸದ ಹಂತಗಳು ಹೀಗೆ ಆರುನೂರರಷ್ಟು ಪದಗಳಲ್ಲಿ ಬಹುಪಾಲು ಅವರ ತಲೆಮಾರಿನವರ ನಾಲಗೆಯಲ್ಲಿ ಮಾತ್ರ ಉಳಿದಿದ್ದವು. ಡಿಸ್ಕಿನಲ್ಲಿ ಜಾಗ ಸಾಲದೆಂದು ಹಳೆಯ ಫೋಲ್ಡರುಗಳನ್ನು ಅಳಿಸುತ್ತಿದ್ದ ನಾನು, ‘ನ್ಯೂ-2’ ಎಂಬ ಹೆಸರಿನದನ್ನೂ ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿಬಿಟ್ಟೆ. ಆ ಪಟ್ಟಿಗೆ ಅಷ್ಟೊಂದು ಅರ್ಥವಿಲ್ಲದ ಹೆಸರಿಟ್ಟವನೂ ನಾನೇ.

ತಪ್ಪು ತಿಳಿದದ್ದು ಮೂರು ವಾರಗಳ ಬಳಿಕ. ಅಳಿಸೆಂದು ಹೇಳಿದೊಡನೆ ಕಂಪ್ಯೂಟರು ಬರಹವನ್ನು ಅಳಿಸುವುದಿಲ್ಲವೆಂದು ಬಲ್ಲವರೊಬ್ಬರು ಆಗ ವಿವರಿಸಿದರು. ಅದು ತನ್ನ ಪಟ್ಟಿಯಿಂದ ಫೈಲಿನ ಹೆಸರನ್ನು ತೆಗೆದು, ಬರಹವಿದ್ದ ಜಾಗ ಖಾಲಿಯಾಗಿದೆ ಎಂದು ಗುರುತು ಹಾಕಿಕೊಳ್ಳುತ್ತದೆ, ಅಷ್ಟೆ. ಹೊಸ ಫೈಲೊಂದು ಬಂದು ಆ ಜಾಗವನ್ನು ತುಂಬುವವರೆಗೂ ಹಳೆಯದು ಅಲ್ಲಿಯೇ ಹೆಸರಿಲ್ಲದೆ ಬಿದ್ದಿರುತ್ತದೆ. ನಾನೋ ಆ ಮೂರು ವಾರಗಳಲ್ಲಿ ಮದುವೆಯೊಂದರ ನೂರಾರು ಛಾಯಾಚಿತ್ರಗಳನ್ನು ಅದೇ ಡಿಸ್ಕಿಗೆ ಸುರಿದಿದ್ದೆ. ಇನ್ನೊಂದು ಪ್ರತಿ ಇತ್ತು. ಅದೂ ಅಳಿಸಿಹೋದ ಅದೇ ಫೋಲ್ಡರಿನೊಳಗಿತ್ತು. ಕಪಾಟಿನಲ್ಲಿ ಸಿಕ್ಕಿದ ಹಳೆಯ ಸಿ.ಡಿ.ಯೊಂದರಲ್ಲಿ ಪಟ್ಟಿಯ ಮೊದಲ ಕರಡೇನೋ ಇತ್ತು. ಆದರೆ ಅದನ್ನು ಬೆರಳಚ್ಚು ಮಾಡಿದ್ದ ಫಾಂಟು ಈಗಿನ ಯಂತ್ರದಲ್ಲಿರಲಿಲ್ಲ. ತೆರೆದರೆ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಲಸಿದ ಅನ್ನದಂತೆ ಕಂಡವು.

ಅದೇ ದಿನಗಳಲ್ಲಿ ಬೇರೊಂದು ಕಾರಣಕ್ಕೆ ಫರ್ಡಿನೆಂಡ್ ಕಿಟ್ಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟನ್ನು ತೆರೆಯಬೇಕಾಯಿತು. 1894ರಲ್ಲಿ ಇದೇ ಮಂಗಳೂರಿನಲ್ಲಿ ಅಚ್ಚಾದ, 1,700ಕ್ಕೂ ಹೆಚ್ಚು ಪುಟಗಳ, ಸುಮಾರು 70,000 ಪದಗಳ ಗ್ರಂಥವದು. ನೂರಹತ್ತು ವರ್ಷಗಳ ಹಿಂದೆ ಇಟ್ಟ ಪದ ಇಟ್ಟಲ್ಲಿಯೇ ಇತ್ತು. ನಾನು ಇಟ್ಟದ್ದು ಐದು ವರ್ಷವೂ ಉಳಿಯಲಿಲ್ಲ. ಈ ವ್ಯತ್ಯಾಸಕ್ಕೆ ಕಾರಣವೇನೆಂದು ತಿಳಿಯುವ ಹಂಬಲದಿಂದ ನಾನು ಆ ಮನುಷ್ಯನ ಜೀವನವನ್ನು ಓದಲು ತೊಡಗಿದೆ.

ಕಿಟ್ಟೆಲ್ ಹುಟ್ಟಿದ್ದು 1832ರ ಏಪ್ರಿಲ್ 7ರಂದು, ಉತ್ತರ ಜರ್ಮನಿಯ ಕಡಲಂಚಿನ ಪೂರ್ವ ಫ್ರೀಸ್‌ಲ್ಯಾಂಡಿನ ರೆಸ್ಟರ್‌ಹಾಫೆ ಎಂಬ ಊರಿನಲ್ಲಿ. ತಂದೆ ಪಾದ್ರಿ. ವಿಲಿಯಂ ರೀವ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಮದ್ರಾಸಿನಲ್ಲಿ ಪ್ರಕಟವಾದದ್ದೂ ಅದೇ ವರ್ಷವೆಂಬುದು ಒಂದು ಸೋಜಿಗ. 1850ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ ವಿದ್ಯಾಲಯವನ್ನು ಸೇರಿದ ಅವರು 1853ರಲ್ಲಿ ಭಾರತಕ್ಕೆ ಬಂದರು. ಆಗ ಅವರಿಗೆ ಇಪ್ಪತ್ತೊಂದು ವರ್ಷ.

ಅವರು ಬರುವ ಹೊತ್ತಿಗೆ ಮಂಗಳೂರಿನಲ್ಲಿ ಅಕ್ಷರಗಳನ್ನು ಕಾಪಿಡುವ ಕೆಲಸ ಆರಂಭವಾಗಿತ್ತು. ಬಾಸೆಲ್ ಮಿಶನ್ 1841ರಲ್ಲಿ ಇಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ತೆರೆದಿತ್ತು. ಹರ್ಮನ್ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ್ದರು, 1848ರಿಂದ ‘ಬಿಬ್ಲಿಯೊಥಿಕಾ ಕರ್ನಾಟಿಕಾ’ ಎಂಬ ಮಾಲೆಯಲ್ಲಿ ಹಳೆಯ ಕಾವ್ಯಗಳನ್ನೂ ದಾಸರ ಪದಗಳನ್ನೂ ಅಚ್ಚಿಗಿಳಿಸಿದ್ದರು. ಗೆದ್ದಲಿಗೆ, ತೇವಕ್ಕೆ, ಬೆಂಕಿಗೆ ತುತ್ತಾಗಬಹುದಾದ ಒಂದೇ ಒಂದು ತಾಳೆಗರಿಯ ಕಟ್ಟು ಮುದ್ರಣದಿಂದ ನೂರಾರು ಮನೆಗಳಲ್ಲಿರುವ ಪುಸ್ತಕವಾಯಿತು. ಕಂಪ್ಯೂಟರಿನವರು ಬ್ಯಾಕಪ್ ಎಂದು ಕರೆಯುವುದು ಇದನ್ನೇ. ಮೂರು ಪ್ರತಿಗಳಿರಲಿ, ಅವು ಎರಡು ಬಗೆಯ ಮಾಧ್ಯಮಗಳಲ್ಲಿರಲಿ, ಒಂದಾದರೂ ಬೇರೆ ಊರಿನಲ್ಲಿರಲಿ ಎಂಬುದು ಅವರ ಇಂದಿನ ಸೂತ್ರ. ಮಂಗಳೂರಿನಲ್ಲಿ ಅಚ್ಚಾಗಿ ಮದ್ರಾಸಿಗೂ ಬಾಸೆಲಿಗೂ ಹೋದ ಪುಸ್ತಕ ಈ ಸೂತ್ರವನ್ನು ತಾನಾಗಿಯೇ ಪಾಲಿಸಿತ್ತು.

ಕಿಟ್ಟೆಲ್ ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ದುಡಿದರು. ಮತಪ್ರಚಾರಕ್ಕೆಂದು ಬಂದ ಅವರಿಗೆ ಆ ಕೆಲಸದಲ್ಲಿ ದೊರೆತ ಯಶಸ್ಸು ಅಷ್ಟಕ್ಕಷ್ಟೆ. ಅವರ ಮನಸ್ಸು ನೆಟ್ಟದ್ದು ಭಾಷೆಯಲ್ಲಿ. 1862ರಲ್ಲಿ ಕ್ರಿಸ್ತನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲಿ ‘ಕಥಾಮಾಲೆ’ಯೆಂದು ಬರೆದರು. ಸಂಸಾರದಲ್ಲಿ ದುಃಖವನ್ನೂ ಉಂಡರು: 1860ರಲ್ಲಿ ಕೈಹಿಡಿದ ಪೌಲಿನ್ 1864ರಲ್ಲಿ ತೀರಿಕೊಂಡರು. 1867ರಲ್ಲಿ ಆಕೆಯ ತಂಗಿ ಜೂಲಿಯನ್ನು ವಿವಾಹವಾದರು. 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ನಿಘಂಟಿನ ಕಾರ್ಯ ಅವರ ಬಾಳಿನ ಸುಮಾರು ಎರಡು ದಶಕಗಳನ್ನು ತೆಗೆದುಕೊಂಡಿತು. 1877ರಲ್ಲಿ ಜರ್ಮನಿಗೆ ಮರಳಿದವರು ಈ ಕೆಲಸಕ್ಕಾಗಿಯೇ 1883ರಲ್ಲಿ ಮತ್ತೆ ಹಡಗು ಹತ್ತಿ ಬಂದರು. 1892ರಲ್ಲಿ ಕೊನೆಯ ಬಾರಿಗೆ ಈ ನೆಲವನ್ನು ಬಿಟ್ಟರು.

ಅಷ್ಟು ಪದಗಳನ್ನು ಅವರು ಇಟ್ಟ ಬಗೆಯನ್ನು ನೋಡಬೇಕು. ಪ್ರತಿಯೊಂದು ಪದಕ್ಕೂ ವರ್ಣಮಾಲೆಯ ಕ್ರಮದಲ್ಲಿ ಒಂದೇ ಒಂದು ಸ್ಥಾನ. ಮೊದಲ ಅಕ್ಷರ, ಎರಡನೆಯದು, ಮೂರನೆಯದು ಎಂದು ಹಿಡಿದುಕೊಂಡು ಹೋದರೆ ಯಾರೇ ಆಗಲಿ ಅಲ್ಲಿಗೆ ತಲುಪುತ್ತಾರೆ. ಕಂಪ್ಯೂಟರಿನಲ್ಲಿಯೂ ಫೈಲಿಗೆ ಹೆಸರಿನ ಜೊತೆಗೆ ಒಂದು ದಾರಿಯಿರುತ್ತದೆ: ಇಂಥ ಡಿಸ್ಕು, ಅದರೊಳಗೆ ಇಂಥ ಫೋಲ್ಡರು, ಅದರೊಳಗೆ ಇಂಥ ಫೈಲು. ಒಂದೇ ಫೋಲ್ಡರಿನಲ್ಲಿ ಒಂದೇ ಹೆಸರಿನ ಎರಡು ಫೈಲುಗಳು ಇರಲಾರವು. ಎರಡನೆಯದು ಬಂದರೆ ಯಂತ್ರವು ಅಂಕೆಯೊಂದನ್ನು ಸೇರಿಸುತ್ತದೆ, ಇಲ್ಲವೆ ಹಳೆಯದನ್ನು ಅಳಿಸಲೇ ಎಂದು ಕೇಳುತ್ತದೆ. ಕನ್ನಡದಲ್ಲಿ ‘ಕರೆ’ ಎಂದರೆ ಕೂಗುವುದೂ ಹೌದು, ಕಲೆಯೂ ಹೌದು, ದಡವೂ ಹೌದು. ಇಂಥ ಒಂದೇ ರೂಪದ ಬೇರೆ ಬೇರೆ ಪದಗಳನ್ನು ಕಿಟ್ಟೆಲ್ ಬೆರೆಸಲಿಲ್ಲ; ಒಂದು, ಎರಡು, ಮೂರು ಎಂದು ಅಂಕೆ ಕೊಟ್ಟು ಬೇರೆಯಾಗಿಯೇ ಇಟ್ಟರು. ತಮಿಳು, ತೆಲುಗು, ಮಲಯಾಳ, ತುಳುಗಳಲ್ಲಿ ಅದರ ಬಂಧುಗಳು ಯಾರೆಂದು ತೋರಿಸಿದರು. ಪದ ಎಲ್ಲಿ ಸಿಕ್ಕಿತೆಂಬುದನ್ನು, ಅದು ಶಬ್ದಮಣಿದರ್ಪಣದ್ದೋ ಬಸವಪುರಾಣದ್ದೋ ಮೈಸೂರು ಸೀಮೆಯ ಬಳಕೆಯದೋ ಎಂಬುದನ್ನು, ಸಂಕೇತಾಕ್ಷರಗಳಿಂದ ಗುರುತಿಸಿದರು. ಫೈಲೊಂದರ ಒಡೆಯ ಯಾರು, ಅದು ಎಂದು ಹುಟ್ಟಿತು, ಎಂದು ಬದಲಾಯಿತು ಎಂಬ ವಿವರಗಳನ್ನು ಕಂಪ್ಯೂಟರು ಬರಹದಿಂದ ಬೇರೆಯಾಗಿ ಬರೆದಿಟ್ಟುಕೊಳ್ಳುವಂತೆಯೇ ಇದು. ನನ್ನ ಕಳೆದುಹೋದ ಪಟ್ಟಿಯಲ್ಲಿ ಪದಗಳಿದ್ದವು, ಅರ್ಥಗಳಿದ್ದವು. ಯಾವ ಪದ ಯಾವ ಗ್ರಾಮದ್ದು ಎಂಬುದನ್ನು ನಾನು ಬರೆದಿರಲಿಲ್ಲ.

ಒಂದು ಅಕ್ಷರದ ಕಥೆಯನ್ನು ಇಲ್ಲಿ ಹೇಳಬೇಕು. ಹಳಗನ್ನಡದಲ್ಲಿ ‘ೞ’ ಎಂಬ ಅಕ್ಷರವಿತ್ತು. ‘ಬಾೞ್’ ಎಂದರೆ ಬದುಕು, ‘ಬಾಳ್’ ಎಂದರೆ ಕತ್ತಿ. ಕಾಲಕ್ರಮದಲ್ಲಿ ೞ ಮರೆಯಾಗಿ ಎರಡೂ ಒಂದೇ ಆದವು. ಕೇಶಿರಾಜನು ಈ ಅಕ್ಷರವನ್ನು ಬಳಸುವ ಪದಗಳನ್ನು ತನ್ನ ವ್ಯಾಕರಣದಲ್ಲಿ ಪಟ್ಟಿ ಮಾಡಿದ್ದನು. ಆರುನೂರು ವರ್ಷಗಳ ಬಳಿಕ ಕಿಟ್ಟೆಲ್ ಆ ಭೇದವನ್ನು ನಿಘಂಟಿನಲ್ಲಿ ಉಳಿಸಿಕೊಂಡರು. ಇನ್ನೊಂದು ನೂರು ವರ್ಷ ಕಳೆದು ಕನ್ನಡದ ಅಕ್ಷರಗಳಿಗೆಲ್ಲ ಯೂನಿಕೋಡ್ ಎಂಬ ಜಾಗತಿಕ ವ್ಯವಸ್ಥೆಯಲ್ಲಿ ಒಂದೊಂದು ಸಂಖ್ಯೆ ದೊರೆತಾಗ ೞ ಅಕ್ಷರಕ್ಕೂ ಸ್ಥಾನ ಸಿಕ್ಕಿತು. ಆದರೆ ಯಾರದೋ ಕೈತಪ್ಪಿನಿಂದ ಅದರ ಹೆಸರು ‘ಫ’ ಎಂದು ದಾಖಲಾಯಿತು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಿದರೆ ಆ ಹೆಸರನ್ನು ನಂಬಿ ಬರೆದ ತಂತ್ರಾಂಶಗಳು ಕೆಡಬಹುದೆಂದು ಯೂನಿಕೋಡಿನ ನಿಯಮ ಬದಲಾವಣೆಗೆ ಒಪ್ಪುವುದಿಲ್ಲ. ಹೀಗಾಗಿ ತಪ್ಪು ಹೆಸರು ಇಂದಿಗೂ ಹಾಗೆಯೇ ಇದೆ. ಸರಿಯಾದದ್ದನ್ನು ಉಪನಾಮವಾಗಿ ಪಕ್ಕದಲ್ಲಿ ಸೇರಿಸಲಾಗಿದೆ. ಹೆಸರಿಡುವಾಗ ಎಚ್ಚರ ತಪ್ಪಿದರೆ ಅದರ ಭಾರ ಮುಂದಿನವರ ಮೇಲೆ ಬೀಳುತ್ತದೆ.

ಕನ್ನಡದಲ್ಲಿ ಫೈಲಿಗೆ ಹೆಸರಿಡುವುದೇ ಬಹುಕಾಲ ಅಸಾಧ್ಯವಾಗಿತ್ತು. ಡಾಸ್ ಎಂಬ ಹಳೆಯ ವ್ಯವಸ್ಥೆಯಲ್ಲಿ ಹೆಸರಿಗೆ ಎಂಟು ಅಕ್ಷರ, ಬಾಲಕ್ಕೆ ಮೂರು ಅಕ್ಷರ, ಅದೂ ಇಂಗ್ಲಿಷಿನಲ್ಲಿ. ಇಂದು ಕನ್ನಡದಲ್ಲಿಯೇ ಹೆಸರಿಡಬಹುದು. ಲಿನಕ್ಸ್ ವ್ಯವಸ್ಥೆಯಲ್ಲಿ ಹೆಸರಿಗೆ ಸಾಮಾನ್ಯವಾಗಿ 255 ಬೈಟುಗಳ ಮಿತಿಯಿದೆ. ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟುಗಳು ಬೇಕಾದ್ದರಿಂದ ನಮಗೆ ದೊರೆಯುವುದು 85 ಸಂಕೇತಗಳು. ಇನ್ನೂ ಒಂದು ಸೂಕ್ಷ್ಮವಿದೆ. ‘ಕೋಶ’ ಎಂಬ ಪದದ ‘ಕೋ’ ಎಂಬುದನ್ನು ಒಂದೇ ಸ್ವರಚಿಹ್ನೆಯಿಂದಲೂ ಬರೆಯಬಹುದು, ಅದನ್ನು ಬಿಡಿಸಿದ ತುಣುಕುಗಳಿಂದಲೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಆದರೆ ಕೆಲವು ವ್ಯವಸ್ಥೆಗಳು ಅವುಗಳನ್ನು ಎರಡು ಬೇರೆ ಹೆಸರುಗಳೆಂದು ತಿಳಿದು, ಒಂದನ್ನು ಹುಡುಕಿದರೆ ಇನ್ನೊಂದನ್ನು ತೋರಿಸುವುದೇ ಇಲ್ಲ.

ಫೈಲಿಗೆ ನಾವು ಕನ್ನಡದಲ್ಲಿ ಕಡತ ಎನ್ನುತ್ತೇವೆ. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಚಿ, ಬಳಪದಿಂದ ಲೆಕ್ಕ ಬರೆಯುತ್ತಿದ್ದ ಪುಸ್ತಕಕ್ಕೆ ಹಿಂದಿನವರು ಇಟ್ಟ ಹೆಸರದು. ಮಠಗಳಲ್ಲಿಯೂ ಅಂಗಡಿಗಳಲ್ಲಿಯೂ ಕಡತಗಳಿದ್ದವು. ಅಲ್ಲಿನ ಬರಹವನ್ನು ಒರೆಸಿ ಮತ್ತೆ ಬರೆಯಬಹುದಿತ್ತು. ಅದೇ ಅದರ ಅನುಕೂಲ, ಅದೇ ಅದರ ಅಪಾಯ. ಆದ್ದರಿಂದಲೇ ಯಾರು ಓದಬಹುದು, ಯಾರು ತಿದ್ದಬಹುದು ಎಂಬ ಪ್ರಶ್ನೆ ಅಂದಿನ ಶ್ಯಾನುಭೋಗನಿಗೂ ಇತ್ತು, ಇಂದಿನ ಕಂಪ್ಯೂಟರಿಗೂ ಇದೆ. ಓದುವ ಹಕ್ಕು ಬೇರೆ, ಬರೆಯುವ ಹಕ್ಕು ಬೇರೆ ಎಂದು ಅದು ವಿಂಗಡಿಸುತ್ತದೆ. ನನ್ನ ತಂದೆಯವರ ಪಟ್ಟಿಯನ್ನು ಓದಲು ಮಾತ್ರವೆಂದು ಗುರುತಿಸಿದ್ದರೆ, ಅಳಿಸುವ ಮುನ್ನ ಯಂತ್ರವಾದರೂ ನನ್ನನ್ನು ಇನ್ನೊಮ್ಮೆ ಕೇಳುತ್ತಿತ್ತು.

ಕಿಟ್ಟೆಲ್ ಅವರ ನಿಘಂಟನ್ನು ಯಾರೂ ತಿದ್ದಲಿಲ್ಲವೆಂದಲ್ಲ. ಮದ್ರಾಸ್ ವಿಶ್ವವಿದ್ಯಾನಿಲಯವು ಎಂ. ಮರಿಯಪ್ಪ ಭಟ್ಟರ ಸಂಪಾದಕತ್ವದಲ್ಲಿ 1968ರಿಂದ 1971ರವರೆಗೆ ಅದರ ಪರಿಷ್ಕೃತ ರೂಪವನ್ನು ನಾಲ್ಕು ಸಂಪುಟಗಳಲ್ಲಿ ತಂದಿತು. ಹೊಸ ಪದಗಳು ಸೇರಿದವು. ಆದರೆ 1894ರ ಪ್ರತಿ ಅದರಿಂದ ಅಳಿಯಲಿಲ್ಲ. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ಯಾವುದು ಯಾರ ಸೇರ್ಪಡೆಯೆಂದು ನೋಡಬಹುದು. ನಾವಾದರೋ ಹಳೆಯದರ ಮೇಲೆಯೇ ಹೊಸದನ್ನು ಬರೆಯುತ್ತೇವೆ, ಇಲ್ಲವೆ ‘ಅಂತಿಮ’, ‘ಅಂತಿಮ-2’, ‘ನಿಜವಾದ ಅಂತಿಮ’ ಎಂದು ಹೆಸರಿಟ್ಟು ನಾವೇ ದಾರಿ ತಪ್ಪುತ್ತೇವೆ.

ಆ ದೊಡ್ಡ ಕೆಲಸದಲ್ಲಿಯೂ ಒಂದು ಕೊರತೆ ನನಗೆ ಕಾಣುತ್ತದೆ. ಕಿಟ್ಟೆಲ್ ಅವರ ಜೊತೆ ಕುಳಿತು ಪದಗಳ ಅರ್ಥವನ್ನು ಬಿಡಿಸಿದ ಸ್ಥಳೀಯ ಪಂಡಿತರಿದ್ದರು. ಮಾತಿನ ನಡುವೆ ಪದ ಕೊಟ್ಟ ರೈತರೂ ಹೆಂಗಸರೂ ಇದ್ದಿರಲೇಬೇಕು. ಗ್ರಂಥದಿಂದ ಬಂದ ಪದಕ್ಕೆ ಗ್ರಂಥದ ಹೆಸರಿದೆ. ಬಾಯಿಂದ ಬಂದ ಪದಕ್ಕೆ ಹೇಳಿದವರ ಹೆಸರಿಲ್ಲ. ಅಂದಿನ ವಿದ್ವತ್ತಿನ ಪದ್ಧತಿಯೇ ಹಾಗಿತ್ತು. ಇಂದು ಕೂಡಿಡುವವರು ಹಾಗೆ ಮಾಡಬೇಕಾಗಿಲ್ಲ.

ಟ್ಯೂಬಿಂಗನ್ ವಿಶ್ವವಿದ್ಯಾನಿಲಯವು 1896ರಲ್ಲಿ ಕಿಟ್ಟೆಲ್ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಅವರ ಕನ್ನಡ ವ್ಯಾಕರಣ ಪ್ರಕಟವಾದದ್ದು 1903ರಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ, ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಅವರು ಟ್ಯೂಬಿಂಗನ್ನಿನಲ್ಲಿ ತೀರಿಕೊಂಡರು. ಅವರ ನಿಘಂಟಿನ ಪುಟಗಳ ಚಿತ್ರಗಳು ಇಂದು ಅಂತರ್ಜಾಲದಲ್ಲಿಯೂ ಸಿಗುತ್ತವೆ. ಬಲ್ಮಠದ ಕರ್ನಾಟಕ ಥಿಯಾಲಜಿಕಲ್ ಕಾಲೇಜಿನ ಗ್ರಂಥಭಂಡಾರದಲ್ಲಿ ಬಾಸೆಲ್ ಮಿಶನ್ನಿನ ಕಾಲದ ಪುಸ್ತಕಗಳೂ ತಾಳೆಗರಿಗಳೂ ಉಳಿದಿವೆ.

ನಾನು ಹೊಸ ಪಟ್ಟಿಯನ್ನು ಆರಂಭಿಸಿದೆ. ಅತ್ತೆಯವರನ್ನೂ, ನಮ್ಮ ಗದ್ದೆಗಳಲ್ಲಿ ದುಡಿದ ಇಬ್ಬರು ಹಿರಿಯರನ್ನೂ ಕೇಳಿ ಬರೆದುಕೊಂಡೆ. ಪ್ರತಿ ಪದದ ಮುಂದೆ ಹೇಳಿದವರು ಯಾರು, ಯಾವ ಊರು, ಯಾವ ದಿನ ಎಂಬುದಿದೆ. ಯಾವುದೇ ಫಾಂಟಿನ ಹಂಗಿಲ್ಲದ ಯೂನಿಕೋಡಿನಲ್ಲಿದೆ. ಫೈಲಿನ ಹೆಸರಿನಲ್ಲಿಯೇ ವಿಷಯವೂ ವರ್ಷವೂ ಇವೆ. ಒಂದು ಪ್ರತಿ ನನ್ನಲ್ಲಿ, ಒಂದು ಉಡುಪಿಯಲ್ಲಿರುವ ತಮ್ಮನ ಮನೆಯಲ್ಲಿ, ಒಂದು ಕಾಗದದ ಮೇಲೆ. ವರ್ಷಕ್ಕೊಮ್ಮೆ ಎಲ್ಲವನ್ನೂ ತೆರೆದು ಓದಿ ನೋಡುತ್ತೇನೆ, ಏಕೆಂದರೆ ತೆರೆದು ನೋಡದ ಪ್ರತಿ ಇದೆಯೆಂದು ನಂಬುವಂತಿಲ್ಲ. ಮನೆಯ ಹಿರಿಯರ ಮಾತನ್ನು ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡಿರುವ ಓದುಗರು ಇಂದು ಸಂಜೆಯೇ ಆ ಫೈಲಿಗೆ ಒಂದು ಸರಿಯಾದ ಹೆಸರಿಟ್ಟು ಇನ್ನೊಂದು ಕಡೆ ಪ್ರತಿ ಮಾಡಿಡಲಿ ಎಂಬುದು ನನ್ನ ಕೋರಿಕೆ.

ನನ್ನ ಪಟ್ಟಿಯಲ್ಲಿ ಈಗ ಇನ್ನೂರ ನಲ್ವತ್ತು ಪದಗಳಿವೆ. ಉಳಿದವನ್ನು ಹೇಳಬಲ್ಲವರು ನಮ್ಮ ಮನೆಯಲ್ಲಿ ಇನ್ನು ಯಾರೂ ಇಲ್ಲ.