ವಿದುಷಿ ಲೀಸೆ ಮೈಟ್ನರ್

ಹೆಣ್ಣುಮಕ್ಕಳಿಗೆ ಹದಿನಾಲ್ಕನೆಯ ವಯಸ್ಸಿಗೇ ಶಾಲೆಯ ಬಾಗಿಲು ಮುಚ್ಚಿಹೋಗುತ್ತಿದ್ದ ಕಾಲದಲ್ಲಿ ಹುಟ್ಟಿ, ಪರಮಾಣುವಿನ ಅಂತರಂಗಕ್ಕೆ ಸಂಬಂಧಪಟ್ಟ ಎರಡು ಮಹಾಪ್ರಶ್ನೆಗಳನ್ನು ಜೀವಮಾನದ ಕೆಲಸವನ್ನಾಗಿ ಮಾಡಿಕೊಂಡ ಲೀಸೆ ಮೈಟ್ನರ್ ಎಂಬ ವಿದುಷಿಯ ಚರಿತ್ರೆಯನ್ನು ನಮ್ಮ ಶಾಲೆಯ ಈ ಸ್ಮರಣಸಂಚಿಕೆಯ ವಾಚಕರ ಮುಂದಿಡುವುದು ಉಚಿತವೆಂದು ತೋರುತ್ತದೆ. ಆ ಪ್ರಶ್ನೆಗಳಲ್ಲಿ ಒಂದರ ವಿಷಯದಲ್ಲಿ ಆಕೆಯ ಊಹೆ ತಪ್ಪಾಯಿತು, ಮತ್ತೊಂದರಲ್ಲಿ ಸರಿಯಾಯಿತು. ಎರಡು ಸಂದರ್ಭಗಳಲ್ಲಿಯೂ ಆಕೆ ನಡೆದುಕೊಂಡ ರೀತಿಯು ನಮ್ಮ ಹೆಣ್ಣುಮಕ್ಕಳು ತಿಳಿದುಕೊಳ್ಳತಕ್ಕದ್ದಾಗಿದೆ.

ಲೀಸೆ ೧೮೭೮ನೆಯ ಇಸವಿ ನವೆಂಬರ್ ತಿಂಗಳಲ್ಲಿ ಆಸ್ಟ್ರಿಯಾ ದೇಶದ ವಿಯೆನ್ನಾ ನಗರದಲ್ಲಿ, ಒಂದು ಯೆಹೂದ್ಯ ಕುಟುಂಬದಲ್ಲಿ ಜನಿಸಿದಳು. ತಂದೆಯಾದ ಫಿಲಿಪ್ ಮೈಟ್ನರನು ವಕೀಲನಾಗಿದ್ದನು. ಎಂಟು ಮಂದಿ ಮಕ್ಕಳಲ್ಲಿ ಈಕೆ ಮೂರನೆಯವಳು. ಬಾಲ್ಯದಿಂದಲೂ ಗಣಿತದಲ್ಲಿ ಆಸಕ್ತಿಯಿದ್ದರೂ ಶಾಲೆಯ ಓದು ಮುಗಿದ ಬಳಿಕ ಮುಂದಿನ ದಾರಿ ಕಾಣದೆ, ಫ್ರೆಂಚ್ ಭಾಷೆಯ ಉಪಾಧ್ಯಾಯಿನಿಯಾಗುವುದಕ್ಕೆ ಶಿಕ್ಷಣ ಪಡೆದಳು. ೧೮೯೭ರಲ್ಲಿ ವಿಯೆನ್ನಾ ವಿಶ್ವವಿದ್ಯಾನಿಲಯವು ಸ್ತ್ರೀಯರನ್ನು ಸೇರಿಸಿಕೊಳ್ಳಲು ಆರಂಭಿಸಿತು. ಆಗ ತಂದೆಯು ಮನೆಪಾಠವನ್ನೇರ್ಪಡಿಸಲು, ಗಂಡುಹುಡುಗರು ಎಂಟು ವರ್ಷಗಳಲ್ಲಿ ಕಲಿಯುತ್ತಿದ್ದುದನ್ನು ಆಕೆ ಸುಮಾರು ಎರಡು ವರ್ಷಗಳಲ್ಲಿ ಕಲಿತು, ೧೯೦೧ರಲ್ಲಿ ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿದಳು. ವಿಶ್ವವಿದ್ಯಾನಿಲಯದಲ್ಲಿ ಲುಡ್ವಿಗ್ ಬೋಲ್ಟ್ಸ್‌ಮನ್ ಎಂಬ ಮಹಾಪಂಡಿತನು ಆಕೆಗೆ ಗುರುವಾದನು. ೧೯೦೬ರಲ್ಲಿ ಭೌತವಿಜ್ಞಾನದಲ್ಲಿ ಡಾಕ್ಟರ್ ಪದವಿಯು ಲಭಿಸಿತು.

ಮರುವರ್ಷ ಆಕೆ ಬರ್ಲಿನ್ ನಗರಕ್ಕೆ ಹೋಗಿ ಮಾಕ್ಸ್ ಪ್ಲಾಂಕನ ಉಪನ್ಯಾಸಗಳನ್ನು ಕೇಳುತ್ತ, ಆಟೋ ಹಾನ್ ಎಂಬ ರಸಾಯನಶಾಸ್ತ್ರಜ್ಞನೊಡನೆ ಸಂಶೋಧನೆಯನ್ನು ಕೈಕೊಂಡಳು. ಆದರೆ ಅಲ್ಲಿನ ರಸಾಯನ ಮಂದಿರದೊಳಕ್ಕೆ ಸ್ತ್ರೀಯರಿಗೆ ಪ್ರವೇಶವಿರಲಿಲ್ಲ. ಹೀಗಾಗಿ ನೆಲಮಾಳಿಗೆಯಲ್ಲಿ, ಹಿಂದೆ ಬಡಗಿಯು ಕೆಲಸಮಾಡುತ್ತಿದ್ದ ಕೋಣೆಯೊಂದೇ ಆಕೆಯ ಪ್ರಯೋಗಶಾಲೆಯಾಯಿತು. ಮೇಲಿನ ಅಂತಸ್ತುಗಳಿಗೆ ಹೋಗದೆ, ಪ್ರತ್ಯೇಕವಾದ ಹೊರಬಾಗಿಲಿನಿಂದಲೇ ಆಕೆ ಬಂದುಹೋಗಬೇಕಾಗಿತ್ತು. ಒಂದೆರಡು ವರ್ಷಗಳ ಬಳಿಕ ಈ ನಿರ್ಬಂಧವು ತೊಲಗಿತು. ೧೯೦೮ರಲ್ಲಿ ಆಕೆ ಪ್ರಾಟೆಸ್ಟೆಂಟ್ ಸಭೆಯಲ್ಲಿ ದೀಕ್ಷಾಸ್ನಾನವನ್ನು ಹೊಂದಿದಳು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಸ್ವಂತ ಕೆಲಸವನ್ನು ಬದಿಗಿಟ್ಟು, ಆಸ್ಟ್ರಿಯಾದ ಸೈನ್ಯದ ಆಸ್ಪತ್ರೆಗಳಲ್ಲಿ ಎಕ್ಸ್‌ಕಿರಣದ ದಾದಿಯಾಗಿ ಗಾಯಾಳುಗಳ ಸೇವೆಮಾಡಿದಳು. ಹಿಂದಿರುಗಿ ಬಂದು, ಹಾನನ ಸಹಕಾರದಿಂದ ಪ್ರೊಟಾಕ್ಟಿನಿಯಂ ಎಂಬ ೯೧ನೆಯ ಧಾತುವನ್ನು ಕಂಡುಹಿಡಿದು, ೧೯೧೮ರಲ್ಲಿ ಲೋಕಕ್ಕೆ ತಿಳಿಸಿದಳು. ೧೯೨೬ರಲ್ಲಿ ಜರ್ಮನಿಯಲ್ಲಿಯೇ ಭೌತವಿಜ್ಞಾನದ ಪ್ರಥಮ ಮಹಿಳಾ ಪ್ರೊಫೆಸರಳಾದಳು.

ಇನ್ನು ಮೊದಲನೆಯ ಪ್ರಶ್ನೆ. ಕೆಲವು ವಿಕಿರಣಶೀಲ ಧಾತುಗಳ ಕೇಂದ್ರಬೀಜದಿಂದ ಬೀಟಾ ಕಿರಣಗಳೆಂಬ ಎಲೆಕ್ಟ್ರಾನುಗಳು ಹೊರಡುತ್ತವೆ. ಒಂದೇ ಬಗೆಯ ಬೀಜಗಳಿಂದ ಹೊರಟ ಎಲೆಕ್ಟ್ರಾನುಗಳೆಲ್ಲಕ್ಕೂ ಒಂದೇ ಪ್ರಮಾಣದ ಶಕ್ತಿಯಿರಬೇಕಲ್ಲವೇ? ಪರೀಕ್ಷಿಸಿ ನೋಡಿದರೆ ಕೆಲವಕ್ಕೆ ಹೆಚ್ಚು, ಕೆಲವಕ್ಕೆ ಕಡಮೆ. ಹೊರಟಾಗ ಎಲ್ಲವೂ ಸಮಾನವಾಗಿದ್ದು, ದಾರಿಯಲ್ಲಿ ಶಕ್ತಿಯನ್ನು ಕಳೆದುಕೊಳ್ಳುತ್ತವೆಂಬುದು ಮೈಟ್ನರಳ ಅಭಿಪ್ರಾಯವಾಗಿತ್ತು. ೧೯೨೭ರಲ್ಲಿ ಇಂಗ್ಲೆಂಡಿನ ಎಲಿಸ್ ಮತ್ತು ವೂಸ್ಟರ್ ಎಂಬಿಬ್ಬರು, ಹೊರಬಿದ್ದ ಶಾಖವೆಲ್ಲವನ್ನೂ ಅಳೆದು, ಆ ಅಭಿಪ್ರಾಯವು ಸರಿಯಲ್ಲವೆಂದು ತೋರಿಸಿದರು. ಆಕೆಗೆ ಇದು ನಂಬಲಸಾಧ್ಯವೆನಿಸಿತು. ಆದರೂ ವಾದಕ್ಕೆ ನಿಲ್ಲದೆ, ಓರ್ತ್‌ಮನ್ ಎಂಬ ಸಹೋದ್ಯೋಗಿಯೊಡನೆ ಅದೇ ಪ್ರಯೋಗವನ್ನು ಇನ್ನೂ ಸೂಕ್ಷ್ಮವಾಗಿ ನಡೆಸಿ, ಅವರ ಲೆಕ್ಕವೇ ನಿಜವೆಂದು ತಾನೇ ಪ್ರಕಟಿಸಿದಳು. ತನ್ನ ತಪ್ಪನ್ನು ತನ್ನ ಕೈಯಿಂದಲೇ ಸ್ಥಾಪಿಸುವ ಧೈರ್ಯವು ಪಂಡಿತರಲ್ಲಿ ಅಪರೂಪವಾದದ್ದು.

ಹಾಗಾದರೆ ಕಾಣೆಯಾದ ಶಕ್ತಿಯು ಎಲ್ಲಿ ಹೋಯಿತು? ೧೯೩೦ನೆಯ ಡಿಸೆಂಬರಿನಲ್ಲಿ ವೋಲ್ಫ್‌ಗಾಂಗ್ ಪೌಲಿಯು, ಆಕೆಯೂ ಹೋಗಿದ್ದ ವಿದ್ವತ್ಸಭೆಯೊಂದಕ್ಕೆ ಪತ್ರ ಬರೆದು, ಯಾರ ಕಣ್ಣಿಗೂ ಬೀಳದ ವಿದ್ಯುದಂಶವಿಲ್ಲದ ಕಣವೊಂದು ಅದನ್ನು ಕೊಂಡೊಯ್ಯುತ್ತಿರಬಹುದೆಂದು ಸೂಚಿಸಿದನು. ಮುಂದೆ ನ್ಯೂಟ್ರಿನೋ ಎಂಬ ಹೆಸರಾದುದು ಆ ಕಣಕ್ಕೇ. ೧೯೫೬ರಲ್ಲಿ ಅಮೆರಿಕದಲ್ಲಿ ಅದರ ಇರವು ಸಿದ್ಧವಾಯಿತು. ೧೯೬೫ರಲ್ಲಿ, ಮೈಟ್ನರಳು ಇನ್ನೂ ಜೀವಿಸಿರುವಾಗಲೇ, ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಗುರುತುಗಳು ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ, ಭಾರತ, ಜಪಾನ್, ಇಂಗ್ಲೆಂಡ್ ದೇಶಗಳ ವಿಜ್ಞಾನಿಗಳಿಗೆ ದೊರೆತವು. ಅದೇ ವರ್ಷ ದಕ್ಷಿಣ ಆಫ್ರಿಕದ ಗಣಿಯೊಂದರಲ್ಲಿಯೂ ದೊರೆತವು.

ಎರಡನೆಯ ಪ್ರಶ್ನೆಯು ಯುರೇನಿಯಂ ಧಾತುವಿನದು. ಅದರ ಕೇಂದ್ರಬೀಜಕ್ಕೆ ನ್ಯೂಟ್ರಾನು ತಗಲಿದರೆ ಏನಾಗುವುದು? ೧೯೩೪ರಲ್ಲಿ ಈ ಸಂಶೋಧನೆಗೆ ಹಾನನನ್ನು ಒಡಂಬಡಿಸಿದವಳು ಮೈಟ್ನರಳೇ. ಬಳಿಕ ಸ್ಟ್ರಾಸ್‌ಮನ್ ಎಂಬ ಯುವಕನೂ ಸೇರಿದನು. ಅಷ್ಟರಲ್ಲಿ ಜರ್ಮನಿಯು ಹಿಟ್ಲರನ ವಶವಾಗಿತ್ತು. ಯೆಹೂದ್ಯ ವಂಶದವಳೆಂಬ ಕಾರಣದಿಂದ ೧೯೩೩ರಲ್ಲಿ ಆಕೆಯ ಬೋಧನೆಯ ಹಕ್ಕನ್ನು ಕಿತ್ತುಕೊಂಡರು. ೧೯೩೮ರಲ್ಲಿ ಆಸ್ಟ್ರಿಯಾವು ಜರ್ಮನಿಗೆ ಸೇರಿದ ಮೇಲೆ ಅಲ್ಲಿರುವುದೇ ಅಪಾಯವಾಯಿತು. ಆ ವರ್ಷದ ಜುಲೈ ೧೩ರಂದು ಡಿರ್ಕ್ ಕಾಸ್ಟರ್ ಎಂಬ ಡಚ್ ವಿಜ್ಞಾನಿಯ ನೆರವಿನಿಂದ ಆಕೆ ರೈಲಿನಲ್ಲಿ ಗಡಿದಾಟಿದಳು. ಐವತ್ತೊಂಬತ್ತು ವರ್ಷ ವಯಸ್ಸಿನ ಆ ಪಂಡಿತೆಯ ಬಳಿಯಿದ್ದುದು ಹತ್ತು ಮಾರ್ಕುಗಳೂ, ಆಪತ್ತಿಗಿರಲೆಂದು ಹಾನನು ಕೊಟ್ಟ ವಜ್ರದ ಉಂಗುರವೂ ಮಾತ್ರ.

ಸ್ವೀಡನ್ ದೇಶದಲ್ಲಿ ಆಶ್ರಯ ದೊರೆಯಿತು. ಆ ಡಿಸೆಂಬರಿನಲ್ಲಿ ಬರ್ಲಿನ್ನಿನಿಂದ ಹಾನನ ಪತ್ರವು ಬಂದಿತು: ಯುರೇನಿಯಮ್ಮಿನಿಂದ ಬೇರಿಯಂ ಹುಟ್ಟಿದಂತೆ ಕಾಣುವುದೆಂದೂ, ಅದಕ್ಕೆ ಕಾರಣವೇನೆಂದೂ ಅದರಲ್ಲಿ ಕೇಳಿತ್ತು. ಕ್ರಿಸ್ಮಸ್ ಹಬ್ಬಕ್ಕೆಂದು ಕುಂಗೆಲ್ವ್ ಎಂಬ ಊರಿಗೆ ಬಂದಿದ್ದ ಸೋದರಿಯ ಮಗ ಆಟೋ ಫ್ರಿಶ್ಶನೊಡನೆ ಹಿಮದಲ್ಲಿ ತಿರುಗಾಡುತ್ತ, ಉರುಳಿಬಿದ್ದ ಮರದ ಬೊಡ್ಡೆಯ ಮೇಲೆ ಕುಳಿತು, ಚೀಟಿಯ ಮೇಲೆ ಆಕೆ ಲೆಕ್ಕಮಾಡಿದಳು. ಕೇಂದ್ರಬೀಜವು ನೀರಹನಿಯಂತೆ ಉದ್ದವಾಗಿ, ನಡುವೆ ಸಣ್ಣಗಾಗಿ, ಎರಡು ಹೋಳಾಗಬಹುದು. ಆ ಹೋಳುಗಳು ಒಂದನ್ನೊಂದು ತಳ್ಳುವ ಶಕ್ತಿಯು ಸುಮಾರು ಇಪ್ಪತ್ತು ಕೋಟಿ ಎಲೆಕ್ಟ್ರಾನ್‌ವೋಲ್ಟ್. ಒಡೆದಾಗ ಕಡಮೆಯಾಗುವ ತೂಕವು ಪ್ರೋಟಾನಿನ ಐದನೆಯ ಒಂದು ಪಾಲು. ಐನ್‌ಸ್ಟೈನನ ಸೂತ್ರದಂತೆ ಈ ಎರಡು ಲೆಕ್ಕಗಳೂ ಸರಿಹೊಂದಿದವು. ೧೯೩೯ನೆಯ ಫೆಬ್ರವರಿಯಲ್ಲಿ ಅವರಿಬ್ಬರ ಲೇಖನವು ಪ್ರಕಟವಾಗಿ, ಪರಮಾಣು ವಿದಳನವೆಂಬುದು ಲೋಕಕ್ಕೆ ತಿಳಿಯಿತು.

ಆ ಶಕ್ತಿಯಿಂದ ಬಾಂಬನ್ನು ನಿರ್ಮಿಸುವ ಕೆಲಸಕ್ಕೆ ಆಹ್ವಾನ ಬಂದಾಗ ಆಕೆ ಖಂಡಿತವಾಗಿ ನಿರಾಕರಿಸಿದಳು. ಹಿರೋಷಿಮದ ಸುದ್ದಿಯು ಆಕೆಯನ್ನು ಬಹಳವಾಗಿ ನೋಯಿಸಿತು. ೧೯೪೪ನೆಯ ವರ್ಷದ ರಸಾಯನಶಾಸ್ತ್ರದ ನೊಬೆಲ್ ಬಹುಮಾನವು ಹಾನನೊಬ್ಬನಿಗೇ ಸಂದಿತು. ಇದು ಅನ್ಯಾಯವೆಂದು ಇಂದು ಅನೇಕ ವಿದ್ವಾಂಸರ ಮತ. ಆಕೆಗೆ ವ್ಯಥೆಯಾಗದಿರಲಿಲ್ಲ, ಸ್ನೇಹವನ್ನು ಮಾತ್ರ ಕಡಿದುಕೊಳ್ಳಲಿಲ್ಲ. ಜರ್ಮನಿಯ ಮಿತ್ರರು ದುರಾಡಳಿತದ ಮುಂದೆ ಮೌನವಾಗಿದ್ದುದನ್ನು ಖಂಡಿಸಿದಾಗಲೂ, ೧೯೩೩ರಲ್ಲಿಯೇ ಆ ದೇಶವನ್ನು ಬಿಡದೆ ಉಳಿದುದು ತನ್ನ ತಪ್ಪೆಂದು ಮೊದಲು ಒಪ್ಪಿಕೊಂಡಳು. ಪ್ರಯೋಗಶಾಲೆಯಲ್ಲಿದ್ದ ಪ್ರಾಮಾಣಿಕತೆಯೇ ಜೀವನದಲ್ಲಿಯೂ ಇದ್ದಿತು.

೧೯೬೮ನೆಯ ಅಕ್ಟೋಬರ್ ೨೭ರಂದು, ತೊಂಬತ್ತು ತುಂಬಲು ಕೆಲವೇ ದಿನಗಳಿರುವಾಗ, ಇಂಗ್ಲೆಂಡಿನ ಕೇಂಬ್ರಿಜ್ಜಿನಲ್ಲಿ ಆಕೆ ತೀರಿಕೊಂಡಳು. ೧೯೯೭ರಲ್ಲಿ ೧೦೯ನೆಯ ಧಾತುವಿಗೆ ಮೈಟ್ನೇರಿಯಂ ಎಂಬ ಹೆಸರು ಸ್ಥಿರವಾಯಿತು.

ಆಕೆಯ ಪ್ರಶ್ನೆಗಳು ಇನ್ನೂ ಮುಗಿದಿಲ್ಲ. ನ್ಯೂಟ್ರಿನೋವಿನ ತೂಕವೆಷ್ಟೆಂದು ತಿಳಿಯಲು ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಬೀಟಾ ಕಿರಣಗಳನ್ನೇ ಅಳೆದಿದ್ದಾರೆ. ಅದು ಎಲೆಕ್ಟ್ರಾನಿನ ತೂಕದ ಹತ್ತುಲಕ್ಷದಲ್ಲಿ ಒಂದು ಪಾಲಿಗಿಂತಲೂ ಕಡಮೆಯೆಂದು ೨೦೨೫ರಲ್ಲಿ ಪ್ರಕಟವಾಯಿತು. ಭೂಗರ್ಭದ ಯುರೇನಿಯಂ ಮುಂತಾದ ಧಾತುಗಳಿಂದ ಬರುವ ಅದೇ ಜಾತಿಯ ಕಣಗಳು ೨೦೦೫ರಲ್ಲಿ ಜಪಾನಿನಲ್ಲಿ ಗೋಚರವಾದವು. ಭೂಮಿಯ ಒಳಗಿನ ಶಾಖದಲ್ಲಿ ಈ ಧಾತುಗಳ ಪಾಲೆಷ್ಟೆಂಬುದನ್ನು ಅವುಗಳಿಂದ ವಿಚಾರಿಸುತ್ತಿದ್ದಾರೆ. ಬಡಗಿಯ ಕೋಣೆಯಲ್ಲಿ ಆಕೆ ಹಚ್ಚಿದ ದೀಪವು ಕೊಳಗದ ಕೆಳಗೆ ಉಳಿಯಲಿಲ್ಲ. ನಮ್ಮ ಶಾಲೆಯಿಂದ ಹೊರಟ ಸೋದರಿಯರೂ, ಹೆಣ್ಣುಮಕ್ಕಳ ಓದಿಗೆ ತಂದೆ ಮೈಟ್ನರನಂತೆ ನೆರವಾಗುವ ಹಿರಿಯರೂ ಇದನ್ನು ನೆನೆದು, ಸತ್ಯವನ್ನು ಕೇಳುವುದಕ್ಕೂ, ತಪ್ಪಿದಾಗ ತಿದ್ದಿಕೊಳ್ಳುವುದಕ್ಕೂ ನಾಚದಿರಲೆಂದು ದೇವರನ್ನು ಬೇಡುತ್ತೇವೆ.